ಕಳೆದ ಸ್ಕೇಲು, ಅಜ್ಜನ ಚಕ್ಕುಲಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೇರೆ ಮನೆಗಳಿಂದ ಭಜನೆ ಕೇಳುತ್ತದೆ, ನಮ್ಮ ಮನೆಯಿಂದ ನನ್ನ ಬೊಬ್ಬೆ ಕೇಳುತ್ತದೆ. ಎರಡನೇ ಕ್ಲಾಸಿನ ಮಗಳಿಗೆ ನಾನು ಹೋಂವರ್ಕ್ ಮಾಡಿಸುವ ಹೊತ್ತು ಅದು. ಒಮ್ಮೆ ಬಟ್ಟೆ ಒಣಗಿಸುವಾಗ ಪಕ್ಕದ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದ ತಲೆ ಎತ್ತಿ, "ನಿಮ್ಮ ಮಗಳಿಗೆ ಬಂತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಆರರ ಮಗ್ಗಿ ಬಾಯಿಪಾಠ ಆಯ್ತು ಮಾರಾಯ್ರೆ" ಎಂದರು. ಹೊಗಳಿದರು ಅಂದುಕೊಂಡು ನಾನು ಹಲ್ಲು ಬಿಟ್ಟು ನಕ್ಕೆ. ಒಳಗೆ ಬಂದು ಬಕೇಟು ಕೆಳಗಿಟ್ಟ ಮೇಲೆಯೇ ಆ ಮಾತಿನ ಬಿಸಿ ಮುಟ್ಟಿದ್ದು.

ಇದನ್ನು ಓದಿ ನಾನು ಹುಟ್ಟಾ ಜಗಳಗಂಟಿ ಅಂತ ಯಾರೂ ತಿಳಿಯಬಾರದು. ಪುಂಜಾಲಕಟ್ಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಉಂಟು. ಅಲ್ಲಿ ಬಂದು ಕೇಳಿ, ನನ್ನಂಥ ತಾಳ್ಮೆಯ ಹೆಂಗಸು ಬಂಟ್ವಾಳ ತಾಲೂಕಿನಲ್ಲೇ ಇಲ್ಲ ಅಂತ ಹೇಳುವವರಿದ್ದಾರೆ. ಮದುಮಗಳೊಬ್ಬಳು ಬ್ಲೌಸಿನ ತೋಳು ಗಿಡ್ಡ ಆಯ್ತು ಅಂದಳು, ಬಿಚ್ಚಿದೆ. ಉದ್ದ ಆಯ್ತು ಅಂದಳು, ಪುನಃ ಬಿಚ್ಚಿದೆ. ಮೊದಲಿನದ್ದೇ ಚಂದ ಇತ್ತು ಅಂದಳು. ಅದಕ್ಕೂ "ಆಯ್ತು ಮಗಾ, ಮಾಡುವ" ಅಂದೆ. ಅಂಥವಳು ಮನೆಗೆ ಬಂದು, ನನ್ನದೇ ಮಗು ಕಳೆಯುವ ಲೆಕ್ಕದಲ್ಲಿ ಪಕ್ಕದ ಮನೆಯಿಂದ ಹತ್ತು ಸಾಲ ತರುವುದನ್ನು ಮರೆತರೆ, ಮನೆಗೆ ಕಳ್ಳ ನುಗ್ಗಿದ ಹಾಗೆ ಕಿರುಚುತ್ತೇನೆ. ಊರವರಿಗೆಲ್ಲ ಹಾಲು, ಮನೆಯವರಿಗೆ ಮಜ್ಜಿಗೆ ನೀರು.

ಬೊಬ್ಬೆಗೆ ತಾಳ ಹಾಕಲು ನನ್ನ ಹತ್ತಿರ ಒಂದು ಸ್ಕೇಲು ಇತ್ತು. ಹಳೆ ಕಾಲದ ಗಟ್ಟಿ ಮರದ್ದು, ಒಂದಡಿ ಉದ್ದ, ಹಿಡಿದು ಹಿಡಿದು ನುಣ್ಣಗಾದದ್ದು. ನನ್ನ ತವರು ಶಿರ್ತಾಡಿ. ಮದುವೆಗೆ ಮೊದಲು ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಹೊಲಿಗೆ ಕಲಿಯುತ್ತಿದ್ದೆ. ಕಲಿಸಿದ ಟೀಚರು ಕೊನೆಯ ದಿನ ತಮ್ಮದೇ ಸ್ಕೇಲನ್ನು ನನ್ನ ಕೈಗೆ ಕೊಟ್ಟು, "ಅಳತೆ ತಪ್ಪಬೇಡ" ಎಂದಿದ್ದರು. ಅಂಗಡಿಯಲ್ಲಿ ನಾನು ತಪ್ಪಿದವಳಲ್ಲ. ಸಂಜೆ ಅದೇ ಸ್ಕೇಲು ಬ್ಯಾಗಿನಲ್ಲಿ ಮನೆಗೆ ಬರುತ್ತಿತ್ತು. ಮಗಳು ಬರೆಯಲು ಕೂತರೆ ನಾನು ಎದುರು ಕೂರುವುದು. ತಪ್ಪಿದರೆ ಮೇಜಿಗೆ 'ಟಪ್'. ತಡ ಮಾಡಿದರೆ 'ಟಪ್'. ಆಕಳಿಸಿದರೂ 'ಟಪ್'. ಮಗುವಿನ ಮೈಗೆ ಮಾತ್ರ ಒಂದು ದಿನ ಮುಟ್ಟಿಸಿದವಳಲ್ಲ. ಇದನ್ನು ನಾನು ನೆಂಟರ ಮುಂದೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದೆ: "ನಾನು ಮಕ್ಕಳಿಗೆ ಹೊಡೆಯುವ ಜಾತಿ ಅಲ್ಲಪ್ಪ, ಮೇಜಿಗೆ ಮಾತ್ರ."

ಇನ್ನು ಅವಳು ಬರೆದದ್ದರ ಕಥೆ. ಅಕ್ಷರ ಗೆರೆ ದಾಟಿದರೆ ನನಗೆ ಹೊಲಿಗೆ ಡೊಂಕಾದ ಹಾಗೆ ಕಾಣುತ್ತದೆ. ಬಿಚ್ಚು, ಪುನಃ ಹೊಲಿ. ಅಂದರೆ ರಬ್ಬರು ಹಾಕು, ಪುನಃ ಬರೆ. ಉಜ್ಜಿ ಉಜ್ಜಿ ಕಾಗದ ತೂತಾಗುತ್ತಿತ್ತು. ಬಟ್ಟೆಯಾದರೆ ತೇಪೆ ಹಾಕಬಹುದು, ಕಾಗದಕ್ಕೆ ಎಂಥ ಮಾಡುವುದು? ಕ್ಲಾಸಿನ ಅಮ್ಮಂದಿರ ವಾಟ್ಸಾಪ್ ಗುಂಪು ಬೇರೆ ಉಂಟಲ್ಲ! ನಾನು ಇನ್ನೂ ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಲ್ಲಿ ಒಬ್ಬೊಬ್ಬರದ್ದೇ ಹೋಂವರ್ಕಿನ ಫೋಟೋ ಬಂದು ಬೀಳುತ್ತಿತ್ತು, ಮುತ್ತು ಪೋಣಿಸಿದಂಥ ಅಕ್ಷರ. ನಾನು ಅವನ್ನು ದೊಡ್ಡದು ಮಾಡಿ ಮಾಡಿ ನೋಡಿ, ಇದು ಮಗು ಬರೆದದ್ದಲ್ಲ, ತಾಯಿಯೇ ಬರೆದದ್ದು ಅಂತ ತೀರ್ಪು ಕೊಟ್ಟು, ನಮ್ಮ ಪುಸ್ತಕದ ತೂತು ನನ್ನ ಹೆಬ್ಬೆರಳಿನ ಅಡಿಗೆ ಬರುವ ಹಾಗೆ ಹಿಡಿದು ಫೋಟೋ ತೆಗೆದು ಹಾಕುತ್ತಿದ್ದೆ.

ಗಂಡ ಕತಾರಿನಲ್ಲಿ. ಅವರಿಗೆ ಅಲ್ಲಿಂದ ಎಲ್ಲವೂ ಸುಲಭ. ವಿಡಿಯೋ ಕಾಲಿನಲ್ಲಿ, "ಮಕ್ಕಳಿಗೆ ಆಟ ಆಡಿಸ್ತಾ ಕಲಿಸ್ಬೇಕು ಮಾರಾಯ್ತಿ, ನೀನು ಸುಮ್ಮನೆ ಮಂಡೆ ಬಿಸಿ ಮಾಡಿಕೊಳ್ತಿ" ಎಂದರು. ಆಯ್ತು, ನೀವೇ ಆಡಿಸಿ ಅಂತ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟೆ. ಸ್ವಲ್ಪ ಹೊತ್ತು "ನನ್ನ ಚಿನ್ನ, ನನ್ನ ಬಂಗಾರ" ಕೇಳಿತು. ಆಮೇಲೆ "ನೋಡು ಮಗಾ, ಸರಿ ನೋಡು" ಕೇಳಿತು. ಆಮೇಲೆ "ಎಷ್ಟು ಸಲ ಹೇಳ್ಬೇಕು ನಿನಗೆ!" ಕೇಳಿತು. ನಾನು ಒಗ್ಗರಣೆ ಬಿಟ್ಟು ಓಡಿ ಬಂದರೆ, "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಮತ್ತೆ ಮಾಡ್ತೇನೆ" ಅಂದರು. ಅವರ ಮೀಸೆಯ ಒಂದೊಂದು ಕೂದಲೂ ಸ್ಪಷ್ಟ ಕಾಣುತ್ತಿತ್ತು.

ಅತ್ತೆಯದ್ದು ಬೇರೆಯೇ ರಾಗ. "ನನ್ನ ಮಗ ಒಂದು ದಿನ ಪುಸ್ತಕ ಬಿಡಿಸಿದವನಲ್ಲ, ಈಗ ಗಲ್ಫಿನಲ್ಲಿ ಇಲ್ವಾ?" ಅನ್ನುವರು. ನಾನು ಸ್ಕೇಲು ಎತ್ತಿದ ಕೂಡಲೇ ಅವರು ಎಲೆ ಅಡಿಕೆಯ ಡಬ್ಬಿ ತೆಗೆದುಕೊಂಡು ಅಂಗಳಕ್ಕೆ ಹೋಗಿ ಕೂರುವರು.

ನನ್ನ ಮಗಳು ಮೊದಲಿಂದ ಹೀಗೆ ಬಾಯಿ ಮುಚ್ಚಿದವಳಲ್ಲ. ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವ್ಯಾನು ಅವಳನ್ನು ಅಂಗಡಿಯ ಎದುರು ಇಳಿಸುವುದೇ ತಡ, ಕಟಿಂಗ್ ಮೇಜಿನ ಅಡಿಗೆ ನುಗ್ಗಿ, ತುಂಡು ಬಟ್ಟೆಯ ರಾಶಿಯ ಮೇಲೆ ಕೂತು ಸುದ್ದಿ ಶುರು ಮಾಡುತ್ತಿದ್ದಳು. ಯಾರ ಹಲ್ಲು ಬಿತ್ತು, ಟೀಚರ ಕೊಡೆ ಗಾಳಿಗೆ ಹೇಗೆ ತಿರುಗಿತು, ಯಾರು ಯಾರ ಬನ್ನು ಕದ್ದು ತಿಂದರು, ಎಲ್ಲ ತುಳುವಿನಲ್ಲಿ, ಅಭಿನಯ ಸಮೇತ. ನಾನು ಮಿಷಿನು ತುಳಿಯುತ್ತಾ ಕೇಳುತ್ತಿದ್ದೆ. ಗಂಡ ಅಷ್ಟು ದೂರ ಇರುವಾಗ ನನ್ನ ದಿನದ ಗಮ್ಮತ್ತು ಅಂದರೆ ಅದೊಂದೇ.

ಎರಡನೇ ಕ್ಲಾಸಿಗೆ ಬಂದ ಮೇಲೆ ವ್ಯಾನಿನ ಬಾಗಿಲು ತೆರೆದ ಕೂಡಲೇ ನಾನು ಕೇಳುವುದು, "ಹೋಂವರ್ಕ್ ಎಂಥ ಉಂಟು?" ಮೊದಮೊದಲು ಅವಳು ಅದಕ್ಕೂ ಉತ್ತರ ಹೇಳಿ ಸುದ್ದಿಯನ್ನೂ ಹೇಳುತ್ತಿದ್ದಳು. ನಾನು "ಸುದ್ದಿ ಮತ್ತೆ, ಮೊದಲು ಡೈರಿ ತೆಗಿ" ಅನ್ನುತ್ತಿದ್ದೆ. ಮೆಲ್ಲಗೆ ಸುದ್ದಿ ನಿಂತಿತು. ಏನು ಕೇಳಿದರೂ "ಎಂಥ ಇಲ್ಲ." ಮೇಜಿನ ಅಡಿಗೆ ಹೋಗುವುದೂ ಬಿಟ್ಟಳು. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆನೋವು ಬೇರೆ ಶುರುವಾಯಿತು. ನಾನು ಓಮದ ನೀರು ಕುಡಿಸಿದೆ, ಅತ್ತೆ ಜೀರಿಗೆ ಕಷಾಯ ಮಾಡಿದರು. ಕಡೆಗೆ ಬಂಟ್ವಾಳಕ್ಕೆ ಡಾಕ್ಟರಲ್ಲಿ ಕರೆದುಕೊಂಡು ಹೋದೆ.

"ಯಾವಾಗ ನೋವು ಬರ್ತದೆ?" ಎಂದು ಡಾಕ್ಟರು ಕೇಳಿದರು.

"ಸಂಜೆ, ಬರೆಯಲು ಕೂರುವಾಗ."

"ಭಾನುವಾರ?"

"ಭಾನುವಾರ ಇಲ್ಲ ಡಾಕ್ಟ್ರೆ. ಹುಳದ್ದು ಆಗಿರಬಹುದಾ?"

ಅವರು ನನ್ನ ಮುಖ ನೋಡಿದರು. ಭಾನುವಾರ ಹುಳಕ್ಕೂ ರಜೆಯಾ ಅಂತ ಕೇಳಬಹುದಿತ್ತು, ಪಾಪ, ದೊಡ್ಡ ಮನುಷ್ಯರು ಕೇಳಲಿಲ್ಲ. ನನ್ನ ಸಮಾಧಾನಕ್ಕೆ ಒಂದು ಹುಳದ ಮದ್ದು ಬರೆದು, "ಸ್ವಲ್ಪ ಮೆಲ್ಲಗೆ ಓದಿಸಿ" ಅಂದರು. ಮೆಲ್ಲಗೆ ಅಂದರೆ ನಿಧಾನವಾಗಿ ಅಂತ ತಿಳಿದು ನಾನು ಹೋಂವರ್ಕಿನ ಹೊತ್ತನ್ನು ಇನ್ನೂ ಅರ್ಧ ಗಂಟೆ ಜಾಸ್ತಿ ಮಾಡಿದೆ.

ಹೊಟ್ಟೆನೋವಿಗಿಂತ ನನಗೆ ಹೆದರಿಕೆ ಇದ್ದದ್ದು ಅವಳ ಮೌನದ್ದು. ನನ್ನ ಮಗು ನನ್ನ ಹತ್ತಿರ ಮಾತಾಡುವುದು ಬಿಟ್ಟಿತ್ತು. ಮಿಷಿನು ತುಳಿಯುವಾಗ ಮೇಜಿನ ಅಡಿ ಖಾಲಿ ಕಾಣುತ್ತಿತ್ತು. ಆ ಮಾತು ಹೇಗಾದರೂ ಪುನಃ ಬರಲಿ ಅಂತ ಆಸೆ. ಅದಕ್ಕೆ ಉಪಾಯ ಏನು ಅಂತ ಯೋಚಿಸಿ, ಇವಳು ಕಲಿಯುವುದರಲ್ಲಿ ಹಿಂದೆ ಬಿದ್ದ ಕಾರಣ ಹೀಗಾಗಿದ್ದಾಳೆ, ಮುಂದೆ ತಂದರೆ ಸರಿಹೋಗುತ್ತದೆ ಅಂತ ನಾನೇ ಕಂಡುಹಿಡಿದೆ. 'ಟಪ್' ಇನ್ನೂ ಜೋರಾಯಿತು.

ಹೀಗಿರುವಾಗ ಒಂದು ಸೋಮವಾರ ಸ್ಕೇಲು ಕಾಣೆಯಾಯಿತು.

ಅಂಗಡಿಯಲ್ಲಿ ಹುಡುಕಿದೆ, ಮನೆಯಲ್ಲಿ ಹುಡುಕಿದೆ, ಅಕ್ಕಿ ಡಬ್ಬಿಯಲ್ಲೂ ಕೈ ಹಾಕಿದೆ. ಅತ್ತೆಯ ಮೇಲೆ ಅನುಮಾನ ಬಂತು. "ಮರದಿಂದ ಬಿಂಬುಳಿ ಕಾಯಿ ಉದುರಿಸಲು ನೀವು ತೆಗೊಂಡು ಹೋದದ್ದಾ?" ಅಂದೆ. "ಬಿಂಬುಳಿ ಕೈಗೇ ಸಿಗ್ತದೆ, ನಿನ್ನ ಸ್ಕೇಲು ಯಾರಿಗೆ ಬೇಕು" ಅಂದರು. ಮಗಳನ್ನು ಎದುರು ನಿಲ್ಲಿಸಿ, "ನೀನು ಅಡಗಿಸಿಟ್ಟಿದ್ದೀಯಾ? ಸತ್ಯ ಹೇಳು" ಅಂತ ಜೋರು ಮಾಡಿದೆ. "ಇಲ್ಲಮ್ಮ, ದೇವರಾಣೆ" ಅಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಲ್ಲಿಗೆ ಬಿಟ್ಟೆ.

ನಮ್ಮ ಕಡೆ ಏನಾದರೂ ಕಳೆದರೆ ಕೊನೆಗೆ ಹೇಳುವುದು ಅಜ್ಜನಲ್ಲಿ. ಅಜ್ಜ ಅಂದರೆ ಕೊರಗಜ್ಜ, ತುಳುನಾಡಿನ ದೈವ. ಮನೆಯ ಹಿರಿಯರ ಹತ್ತಿರ ಇರುವಂಥ ಸಲುಗೆ ನಮಗೆ ಅವರಲ್ಲಿ. "ಅಜ್ಜಾ, ಇಂಥದ್ದು ಸಿಗುವ ಹಾಗೆ ಮಾಡಿ, ನಿಮಗೆ ಚಕ್ಕುಲಿ, ಎಲೆ ಅಡಿಕೆ ಇಡ್ತೇನೆ" ಅಂತ ಹರಕೆ ಹೇಳಿಕೊಂಡರೆ ಆಯಿತು. ಕೊಡುವುದು ಕೆಲಸ ಆದ ಮೇಲೆ. ಅಜ್ಜ ಮುಂಗಡ ಕೇಳುವವರಲ್ಲ. ಹೀಗೆ ನನ್ನ ಕಿವಿಯ ಬೆಂಡೋಲೆ ಸಿಕ್ಕಿದೆ, ಗಂಡನ ಪಾಸ್‌ಪೋರ್ಟು ಸಿಕ್ಕಿದೆ. ನಾನು ದೇವರ ಎದುರು ನಿಂತು ಮನೆಯವರಿಗೆಲ್ಲ ಕೇಳುವ ಹಾಗೆ ಸ್ಕೇಲಿಗೆ ಹರಕೆ ಹೇಳಿದೆ. ಮಗಳು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಆಮೇಲೆ ಅಂಗಳಕ್ಕೆ ಹೋಗಿ ಅಜ್ಜಿಯ ಹತ್ತಿರ ಕೂತು, ಹರಕೆ ಅಂದರೆ ಹೇಗೆ, ಯಾರು ಬೇಕಾದರೂ ಹೇಳಬಹುದಾ, ಸಣ್ಣವರು ಹೇಳಿದರೆ ಅಜ್ಜ ಕೇಳ್ತಾರಾ ಅಂತ ವಿಚಾರಣೆ ಮಾಡುತ್ತಿದ್ದಳು. ಪರವಾಗಿಲ್ಲ, ಮಗುವಿಗೆ ದೈವಭಕ್ತಿ ಬಂತು ಅಂತ ನನಗೆ ಖುಷಿಯಾಯಿತು.

ಸ್ಕೇಲು ಇಲ್ಲದ ಮೊದಲ ಸಂಜೆ ನನ್ನ ಅವಸ್ಥೆ ಯಾರಿಗೂ ಬೇಡ. ಕೈ ಎತ್ತಿದೆ, ಕೈಯಲ್ಲಿ ಎಂಥದ್ದೂ ಇಲ್ಲ. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಬಡಿದೆ. ಅದು ಮೇಜಿನ ಮೇಲೆ ಕೇರೆ ಹಾವಿನ ಹಾಗೆ ಸುಮ್ಮನೆ ಮಲಗಿತು. ಮಗಳು ಕಷ್ಟಪಟ್ಟು ನಗು ತಡೆದುಕೊಂಡಳು. ಮರುದಿನ ಸೌಟು ಹಿಡಿದುಕೊಂಡು ಕೂತೆ. ಅತ್ತೆ ಬಂದು ಸೌಟನ್ನು ಕೈಯಿಂದ ತೆಗೆದುಕೊಂಡು, "ಸಾರಿಗೆ ಬೇಕು" ಅಂತ ಹೋದರು. ಯಕ್ಷಗಾನದಲ್ಲಿ ಚೆಂಡೆಯವನೇ ಬಾರದಿದ್ದರೆ ಭಾಗವತರು ಎಷ್ಟು ಹೊತ್ತು ಏರು ದನಿಯಲ್ಲಿ ಹಾಡುತ್ತಾರೆ? ನನ್ನ ಬೊಬ್ಬೆಯೂ ತಾಳ ಇಲ್ಲದೆ ತನ್ನಷ್ಟಕ್ಕೆ ಇಳಿಯಿತು.

ಆ ವಾರ ಒಂದು ಸಂಜೆ ಕಳೆಯುವ ಲೆಕ್ಕದ ಮಧ್ಯದಲ್ಲಿ ಮಗಳು ಪೆನ್ಸಿಲು ಕೆಳಗಿಟ್ಟು, "ಅಮ್ಮ, ಇವತ್ತು ನಮ್ಮ ಕ್ಲಾಸಿಗೆ ಏಡಿ ಬಂದಿತ್ತು" ಅಂದಳು. ಹಿಂದಿನ ಬೆಂಚಿನ ಹುಡುಗಿ ಗದ್ದೆಯ ಏಡಿಯನ್ನು ತಿಂಡಿ ಡಬ್ಬಿಯಲ್ಲಿ ತಂದಿದ್ದಳಂತೆ. ಟೀಚರು ಬೋರ್ಡಿನ ಕಡೆ ತಿರುಗಿದಾಗ ಡಬ್ಬಿಯ ಮುಚ್ಚಳ ತೆರೆದಳಂತೆ. ಆಮೇಲೆ ಟೀಚರು ಕುರ್ಚಿಯ ಮೇಲೆ ಹತ್ತಿದ್ದನ್ನು ಮಗಳು ತಾನೇ ಕುರ್ಚಿ ಹತ್ತಿ ತೋರಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಅಂಗಳದಿಂದ ಎದ್ದು ಬಂದು, "ಎಂಥಾಯ್ತು, ನನಗೂ ಹೇಳಿ" ಅಂದರು. ಅವಳು ಮತ್ತೊಮ್ಮೆ ಕುರ್ಚಿ ಹತ್ತಿದಳು. ಲೆಕ್ಕ ಅರ್ಧಕ್ಕೇ ನಿಂತಿತು.

ಮರುದಿನ ವ್ಯಾನಿನಿಂದ ಇಳಿದವಳು ಸೀದಾ ಕಟಿಂಗ್ ಮೇಜಿನ ಅಡಿಗೆ ಹೋದಳು. ಸಂಜೆಯ ಹೊಟ್ಟೆನೋವೂ ನಿಂತಿತು. ನಾನು ಏನು ಮಾಡಿದೆ ಗೊತ್ತುಂಟಾ? ಅಮ್ಮಂದಿರ ಗುಂಪಿನಲ್ಲಿ ಹುಳದ ಮದ್ದಿನ ಬಾಟಲಿಯ ಫೋಟೋ ಹಾಕಿ, "ಭಾರೀ ಒಳ್ಳೆ ಮದ್ದು, ಮಕ್ಕಳು ಲವಲವಿಕೆಯಿಂದ ಇರ್ತಾರೆ" ಅಂತ ಬರೆದೆ. ಇಬ್ಬರು ಅದನ್ನು ತೆಗೆದುಕೊಂಡರಂತೆ ಕೂಡ. ಅವರ ಮಕ್ಕಳ ಗತಿ ಏನಾಯಿತೋ, ನಾನು ಕೇಳಲು ಹೋಗಲಿಲ್ಲ.

ಇಷ್ಟಾದರೂ ಸ್ಕೇಲಿನ ಆಸೆ ಬಿಡಲಿಲ್ಲ ನೋಡಿ. ದಿನಾ ಅಜ್ಜನಿಗೆ ನೆನಪು ಮಾಡುತ್ತಿದ್ದೆ. ಸಣ್ಣ ಪ್ಯಾಕೇಟು ಚಕ್ಕುಲಿ ಹೇಳಿದ್ದನ್ನು ದೊಡ್ಡ ಪ್ಯಾಕೇಟಿಗೆ ಏರಿಸಿದೆ.

ಒಂದು ಮಧ್ಯಾಹ್ನ ಬೆಳ್ತಂಗಡಿಯಿಂದ ಗಿರಾಕಿಯೊಬ್ಬರ ಫೋನು ಬಂತು. ಅವರ ಹೊಸ ಮನೆಗೆ ಕಿಟಕಿಯ ಪರದೆ ನಾನೇ ಹೊಲಿದು ಕೊಟ್ಟದ್ದು. "ಟೈಲರಕ್ಕಾ, ಪರದೆಯ ಸುರುಳಿ ಇವತ್ತು ಬಿಡಿಸಿದ್ದು. ಒಳಗೆ ಒಂದು ಮರದ ಸ್ಕೇಲು ಉಂಟು, ನಿಮ್ಮದಾ? ಬಸ್ಸಿನ ಕಂಡಕ್ಟರಲ್ಲಿ ಕೊಟ್ಟಿದ್ದೇನೆ, ತೆಗೊಳ್ಳಿ." ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ಯಾರು ಅಂತ ಕೇಳಿದರೆ ಇನ್ನು ಮುಂದೆ ನನ್ನನ್ನು ತೋರಿಸಬಹುದು. ಅತ್ತೆಗೆ ಬೈದವಳು ನಾನು, ಮಗುವಿನಿಂದ ಆಣೆ ಹಾಕಿಸಿಕೊಂಡವಳು ನಾನು, ಪರದೆಯ ಒಳಗೆ ಸುತ್ತಿ ಕಟ್ಟಿ ಕಳಿಸಿದವಳೂ ನಾನೇ.

ಆದರೆ ಬಸ್ಸು ಬಂದು ಕಂಡಕ್ಟರು ಬಾಗಿಲಿನಿಂದ ಬಗ್ಗಿ ಸ್ಕೇಲನ್ನು ಕೈಗೆ ಕೊಟ್ಟಾಗ ಆ ನಾಚಿಕೆಯೆಲ್ಲ ಹಾರಿಹೋಯಿತು. ಸಂಜೆ ಮನೆಗೆ ಬಂದು, "ನೋಡಿ, ಅಜ್ಜ ಕೊಟ್ಟರು!" ಅಂತ ಎತ್ತಿ ತೋರಿಸಿದೆ. ಮಗಳು ಸ್ಕೇಲನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಸಿಕ್ಕಿತಾ?" ಅಂತ ಮಾತ್ರ ಕೇಳಿದಳು. ಬರೆಯಲು ಕೂತಾಗ ನಾನು ಸಿಟ್ಟಿನಿಂದಲ್ಲ, ಬರೀ ಖುಷಿಗೆ, ಹೇಗುಂಟು ನೋಡುವ ಅಂತ ಮೇಜಿಗೆ ಒಂದು ಸಲ 'ಟಪ್' ಅನ್ನಿಸಿದೆ.

"ಅಮ್ಮ, ಹೊಟ್ಟೆ ನೋವು" ಅಂದಳು.

ನಾನು ಎದ್ದು ಹುಳದ ಮದ್ದು ಹುಡುಕಲು ಹೋದೆ. ಹಿಂದಿನಿಂದ ಅತ್ತೆಯ ಧ್ವನಿ ಬಂತು: "ಡಾಕ್ಟರಲ್ಲಿ ಹೋದರೆ ನಿನ್ನ ಮಂಡೆಗೆ ಮದ್ದುಂಟಾ ಕೇಳು." ಅತ್ತೆಯ ಮಾತಿಗೆ ಯಾವತ್ತು ಬೆಲೆ ಕೊಟ್ಟಿದ್ದೇನೆ, ಅವತ್ತು ಕೊಡಲು! ಚಮಚದಲ್ಲಿ ಮದ್ದು ಹಾಕಿಯೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಹರಕೆ ಒಪ್ಪಿಸಲು ಮೂವರೂ ಅಜ್ಜನ ಕಟ್ಟೆಗೆ ಹೋದೆವು. ಮಾರ್ಗದ ಬದಿಯಲ್ಲಿ, ಮರದ ಅಡಿಯಲ್ಲಿ ಇರುವ ಸಣ್ಣ ಕಟ್ಟೆ ಅದು. ನಾನು ಬಾಳೆಲೆ ಹಾಸಿ, ಎಲೆ ಅಡಿಕೆ ಇಟ್ಟು, ಚಕ್ಕುಲಿಯ ದೊಡ್ಡ ಪ್ಯಾಕೇಟು ಒಡೆದು ಇಟ್ಟೆ. ಕೈಮುಗಿದು ಕಣ್ಣು ಬಿಟ್ಟರೆ ಮಗಳು ತನ್ನ ಚೀಲದ ಜಿಪ್ಪು ತೆಗೆದು ಇನ್ನೊಂದು ಚಕ್ಕುಲಿ ಪ್ಯಾಕೇಟು ಹೊರಗೆ ತೆಗೆಯುತ್ತಿದ್ದಾಳೆ. ನಾನು ತೆಗೆದುಕೊಂಡ ಬೇಕರಿಯದ್ದೇ, ಸಣ್ಣದು.

"ಇದೆಲ್ಲಿಂದ ಬಂತು ಮಗಾ?"

"ಅಜ್ಜಿ ತೆಗೆದುಕೊಟ್ಟದ್ದು. ನನ್ನದೂ ಒಂದು ಹರಕೆ ಉಂಟು."

ಅತ್ತೆ ಮರದ ಗೆಲ್ಲಿನಲ್ಲಿ ಏನೋ ಕಂಡವರ ಹಾಗೆ ಮೇಲೆ ನೋಡುತ್ತಾ ನಿಂತಿದ್ದರು.

"ನೀನು ಎಂಥ ಹೇಳಿಕೊಂಡದ್ದು?"

"ಸ್ಕೇಲು ಸಿಗಬಾರದು ಅಂತ." ಅವಳು ಪ್ಯಾಕೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಗಂಭೀರವಾಗಿ ಕೇಳಿದಳು. "ಈಗ ಸಿಕ್ಕಿತಲ್ಲ ಅಮ್ಮ. ಆಗ ನಾನು ಇದನ್ನು ಕೊಡ್ಬೇಕಾ, ಬೇಡ್ವಾ?"

ಪಾಪ ಅಜ್ಜ! ಒಂದೇ ಮನೆ, ಒಂದೇ ಸ್ಕೇಲು. ತಾಯಿ ಸಿಗಲಿ ಅಂತ ಹೇಳುವುದು, ಮಗಳು ಸಿಗಬಾರದು ಅಂತ ಹೇಳುವುದು. ಯಾರ ಮಾತು ಕೇಳುವುದು ಅವರು? ನನಗೆ ನಗು ಬಂತು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ನಾನು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತೆ.

"ನಾನು ನಿನಗೆ ಒಂದು ದಿನ ಹೊಡೆದದ್ದುಂಟಾ ಮಗಾ?"

"ಇಲ್ಲ. ನೀನು ಮೇಜಿಗೆ ಹೊಡೆಯುವುದು." ಹೊಟ್ಟೆಯ ಮೇಲೆ ಕೈ ಇಟ್ಟು ತೋರಿಸಿದಳು. "ಅದು ನನಗೆ ಇಲ್ಲಿ ಆಗ್ತದೆ."

ನನ್ನ ಅಭಿಮಾನದ ಮಾತೆಲ್ಲ ಅಲ್ಲೇ ಮಣ್ಣುಪಾಲಾಯಿತು. ಓಮದ ನೀರು, ಕಷಾಯ, ಹುಳದ ಮದ್ದು, ಡಾಕ್ಟರ ಭಾನುವಾರದ ಪ್ರಶ್ನೆ, ಎಲ್ಲ ಒಂದೊಂದಾಗಿ ನೆನಪಾಯಿತು. ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು. ಮಾರ್ಗದಲ್ಲಿ ಹೋಗುವ ಬಸ್ಸಿನವರೆಲ್ಲ ನೋಡುತ್ತಿದ್ದರು. ನೋಡಲಿ ಅಂತ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಕೊಡು ಮಗಾ, ನಿನ್ನ ಹರಕೆಯೂ ಆಯ್ತು ಅಂತ ಲೆಕ್ಕ" ಅಂದೆ. "ಆ ಸ್ಕೇಲು ಇನ್ನು ಅಂಗಡಿಯಲ್ಲೇ ಇರ್ತದೆ, ಮನೆಗೆ ಬರುವುದಿಲ್ಲ. ನಾನು ಬೊಬ್ಬೆಯೂ ಹಾಕುವುದಿಲ್ಲ. ಅಜ್ಜನ ಎದುರು ನಿಂತು ಹೇಳ್ತಿದ್ದೇನೆ. ಇಡು ಚಕ್ಕುಲಿ."

ಅವಳು ಬಾಳೆಲೆಯ ಕಡೆ ಕೈ ಚಾಚಿದಳು. ಅರ್ಧದಲ್ಲಿ ನಿಲ್ಲಿಸಿ ಸ್ವಲ್ಪ ಯೋಚಿಸಿದಳು. ಆಮೇಲೆ ಪ್ಯಾಕೇಟನ್ನು ಪುನಃ ಚೀಲದೊಳಗೆ ಹಾಕಿ ಜಿಪ್ಪು ಎಳೆದಳು.

"ಕೆಲಸ ಆದ ಮೇಲಲ್ವಾ ಅಮ್ಮ ಕೊಡುವುದು?" ಅಂದಳು. "ಮೊದಲು ನೋಡುವ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮರದ ಆಚೆಗೆ ಹೋದರು. ಅವಳು ಹೇಳಿದ್ದು ಸರಿಯೇ ಇತ್ತು.

ಆ ಪ್ಯಾಕೇಟು ಈಗ ನಮ್ಮ ಮನೆಯಲ್ಲಿ, ಬರೆಯುವ ಮೇಜಿನ ಮೇಲಿನ ಶೆಲ್ಫಿನಲ್ಲಿ ಉಂಟು. ಸ್ಕೇಲು ಅಂಗಡಿಯಲ್ಲಿ ಉಂಟು, ಆ ಮಾತು ಉಳಿಸಿಕೊಂಡಿದ್ದೇನೆ. ವ್ಯಾನಿನ ಬಾಗಿಲು ತೆರೆಯುವಾಗ 'ಹೋಂವರ್ಕ್' ಅನ್ನುವ ಶಬ್ದ ನಾಲಗೆಯ ತುದಿಗೆ ಬಂದರೂ ನುಂಗುತ್ತೇನೆ. ಬೊಬ್ಬೆಯ ವಿಷಯ ಮಾತ್ರ ಕೇಳಬೇಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತ ಹಿರಿಯರು ನನ್ನಂಥವರನ್ನು ನೋಡಿಯೇ ಹೇಳಿರಬೇಕು. ಮೊನ್ನೆಯೂ ಹಾಗೇ ಆಯಿತು. ಅದೇ ಕಳೆಯುವ ಲೆಕ್ಕ, ಅದೇ ಸಾಲ ತರಲು ಮರೆತದ್ದು. ನನ್ನ ಧ್ವನಿ ಏರಿತು, ಕೈ ಮೇಜಿನ ಮೇಲೆ ಏನನ್ನೋ ಹುಡುಕಿತು. ಮಗಳು ಅಳಲಿಲ್ಲ, ಹೊಟ್ಟೆ ಹಿಡಿದುಕೊಳ್ಳಲೂ ಇಲ್ಲ. ತಲೆ ಎತ್ತಿ ಶೆಲ್ಫಿನ ಕಡೆ ನೋಡಿದಳು, ಅಷ್ಟೇ. ನಾನು ಗಪ್ಪನೆ ಬಾಯಿ ಮುಚ್ಚಿದೆ.

"ಆಯ್ತು, ಆ ಏಡಿಯ ಹುಡುಗಿ ಇವತ್ತು ಎಂಥ ತಂದಿದ್ದಳು, ಹೇಳು" ಅಂದೆ.

ಹೇಳಿದಳು. ಲೆಕ್ಕ ಆಮೇಲೆ ಆಯಿತು.

ನಿನ್ನೆ ಅತ್ತೆ ಶೆಲ್ಫು ಒರೆಸುವಾಗ ಪ್ಯಾಕೇಟನ್ನು ಒತ್ತಿ ನೋಡಿ, "ಇದು ಮೆತ್ತಗೆ ಆಗಿದೆ ಮಗಾ. ಇದನ್ನು ಕಾಗೆಗೆ ಹಾಕಿ ಹೊಸತು ತಂದು ಅಜ್ಜನಿಗೆ ಇಟ್ಟು ಬರುವನಾ?" ಎಂದರು. ಮಗಳು ಪುಸ್ತಕದಿಂದ ತಲೆ ಎತ್ತಿ ನನ್ನ ಮುಖವನ್ನು ಸರಿಯಾಗಿ ನೋಡಿದಳು. ನಾನು ಆದಷ್ಟು ಸಾಧು ಮುಖ ಮಾಡಿಕೊಂಡು ಕೂತೆ.

"ಬೇಡ ಅಜ್ಜಿ, ಅಲ್ಲೇ ಇರಲಿ" ಅಂದಳು. "ಇನ್ನೂ ಕೆಲಸ ಪೂರ್ತಿ ಆಗ್ಲಿಲ್ಲ."